ಹಿಂದಿನ ಟಯರ್ ಕೆಲಸಕ್ಕೆ ಪೆಟ್ಟಿಗೆ ಇಳಿಸಿ, ಸ್ಟೇ ಹಾಗೇ ಇರಲಿ

ಪ್ರಶ್ನೆ: ನನ್ನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಎರಡೂ ಬದಿಗೆ ಕಬ್ಬಿಣದ ಸ್ಯಾಡಲ್ ಸ್ಟೇ (ಪೆಟ್ಟಿಗೆ ಹೊರುವ ಪೈಪಿನ ಚೌಕಟ್ಟು), ಅದರ ಮೇಲೆ ಅಲ್ಯೂಮಿನಿಯಂ ಪೆಟ್ಟಿಗೆಗಳಿವೆ. ಮನೆ ಮಲ್ಪೆಯ ಹತ್ತಿರ. ಹಿಂದಿನ ಟಯರ್ ಸವೆದಿದೆ. ಟಯರ್ ಅಂಗಡಿಯವರು ‘ಬಾಕ್ಸು, ಸ್ಟೇ ಎಲ್ಲ ಬಿಚ್ಚಿ ತನ್ನಿ’ ಅಂತಾರೆ. ಎರಡು ಮಳೆಗಾಲ ಕಂಡ ಬೋಲ್ಟುಗಳು, ತುಕ್ಕು ಹಿಡಿದಿವೆ. ಬಲಬದಿಯ ಪೆಟ್ಟಿಗೆಯ ಬೀಗವೂ ತಿರುಗುತ್ತಿಲ್ಲ. ನಿಜಕ್ಕೂ ಎಲ್ಲ ಬಿಚ್ಚಲೇಬೇಕಾ? ಮನೆಯಲ್ಲೇ ಮಾಡಬಹುದಾ? ಆಗುಂಬೆ ದಾರಿಯಲ್ಲಿ ಪಂಕ್ಚರ್ ಆದರೆ ಹೇಗೆ?
– ಓದುಗರು, ಉಡುಪಿ

ಉತ್ತರ: ಪೆಟ್ಟಿಗೆ ಎರಡನ್ನೂ ಇಳಿಸಲೇಬೇಕು. ಸ್ಟೇ ಬಿಚ್ಚುವ ಅಗತ್ಯ ಹೆಚ್ಚಿನ ಬೈಕುಗಳಲ್ಲಿ ಬರುವುದಿಲ್ಲ, ನಿಮ್ಮದರಲ್ಲೂ ಬಹುಶಃ ಬರಲಿಕ್ಕಿಲ್ಲ. ಅಂಗಡಿಯವರು ಎಲ್ಲ ಬಿಚ್ಚಿ ತನ್ನಿ ಅನ್ನುವುದು ತಮ್ಮ ಅನುಕೂಲಕ್ಕೆ. ಪಾನ ಆಡಿಸಲು ಜಾಗ ಸಿಗುತ್ತದೆ, ಗೀರು ಬಿದ್ದರೆ ಜವಾಬ್ದಾರಿಯೂ ಇರುವುದಿಲ್ಲ. ಆದರೆ ತುಕ್ಕು ಹಿಡಿದ ಸ್ಟೇ ಬೋಲ್ಟನ್ನು ಅವಸರದಲ್ಲಿ ತಿರುಗಿಸಿ, ಅದು ಸೀಟಿನಡಿಯ ಚೌಕಟ್ಟಾದ ಸಬ್‌ಫ್ರೇಮಿನೊಳಗೆ ತುಂಡಾದರೆ ಒಂದು ಗಂಟೆಯ ಟಯರ್ ಕೆಲಸ ಎರಡು ದಿನದ ಡ್ರಿಲ್ಲಿಂಗ್ ಕೆಲಸವಾಗುತ್ತದೆ. ಹಾಗಾಗಿ ಟಯರ್ ಬದಲಿಸುವ ದಿನ ಬೇರೆ, ಸ್ಟೇ ಬೋಲ್ಟ್ ಬಿಚ್ಚಿ ಶುಚಿ ಮಾಡುವ ದಿನ ಬೇರೆ ಎಂದು ಇಟ್ಟುಕೊಳ್ಳಿ. ಎರಡನ್ನೂ ಒಂದೇ ದಿನಕ್ಕೆ ಸೇರಿಸಬೇಡಿ.

ಸ್ಟೇ ಅಡ್ಡ ಬರುತ್ತದೋ ಇಲ್ಲವೋ ಎಂದು ನೀವೇ ನೋಡಿ ತಿಳಿಯಬಹುದು. ಹಿಂದಿನ ಚಕ್ರ ಹೊರಬರಬೇಕಾದರೆ ಅದರ ನಡುವೆ ತೂರಿರುವ ಆಕ್ಸೆಲ್ ಪೂರ್ತಿಯಾಗಿ ಪಕ್ಕಕ್ಕೆ ಬರಬೇಕು. ಎಂದರೆ ಆಕ್ಸೆಲ್‌ನ ತಲೆ ಇರುವ ಬದಿಯಲ್ಲಿ, ಅದರ ನೇರಕ್ಕೆ, ಆಕ್ಸೆಲ್‌ನ ಉದ್ದದಷ್ಟು ಜಾಗ ಖಾಲಿ ಇರಬೇಕು. ಸುಮಾರು ಒಂದು ಅಡಿ ಎಂದು ಲೆಕ್ಕ ಹಿಡಿಯಿರಿ. ನಟ್ಟಿನ ಬದಿಯಲ್ಲಿ ಪಾನ ಸುತ್ತಲು ಜಾಗವಿದ್ದರೆ ಸಾಕು. ಹಿಡಿಸೂಡಿಯಿಂದ ಒಂದು ಕಡ್ಡಿ ತೆಗೆದು ಆಕ್ಸೆಲ್‌ನ ನಡುವಿಗೆ ಒತ್ತಿ, ನೆಲಕ್ಕೆ ಸಮಾಂತರವಾಗಿ, ಬೈಕಿಗೆ ಅಡ್ಡಲಾಗಿ ಹೊರಕ್ಕೆ ಹಿಡಿಯಿರಿ. ಕಡ್ಡಿಗೆ ಸ್ಟೇಯ ಪೈಪಾಗಲಿ ಸೈಲೆನ್ಸರ್ ಆಗಲಿ ತಾಗದಿದ್ದರೆ ಸ್ಟೇ ಇದ್ದಲ್ಲೇ ಇರಲಿ. ಹಿಮಾಲಯನ್‌ನ ಸೈಲೆನ್ಸರ್ ಬಲಕ್ಕೆ ಮೇಲೇರಿ ಹೋಗುತ್ತದೆ, ಆಕ್ಸೆಲ್‌ಗೆ ಅಡ್ಡವಲ್ಲ. ಸ್ಟೇಯ ಕೆಳಗಿನ ಪೈಪ್ ಸಹ ಸಾಮಾನ್ಯವಾಗಿ ಆಕ್ಸೆಲ್‌ಗಿಂತ ಮೇಲೆಯೇ ನಿಲ್ಲುತ್ತದೆ. ಪೆಟ್ಟಿಗೆಯ ತಳ ಮಾತ್ರ ಸ್ಟೇಗಿಂತ ಕೆಳಗೆ ಇಳಿದಿರುತ್ತದೆ. ಅಡ್ಡ ಬರುವುದು ಅದು.

ಇನ್ನೊಂದು ನೋಡಬೇಕಾದ್ದು ನಂಬರ್ ಪ್ಲೇಟಿನ ಹಿಂದೆ ಎಡಬಲ ಸ್ಟೇಗಳನ್ನು ಜೋಡಿಸುವ ಅಡ್ಡ ಪಟ್ಟಿ. ಚಕ್ರ ಕೆಳಗಿಳಿದು ಹಿಂದಕ್ಕೆ ಉರುಳುತ್ತದೆ. ಪಟ್ಟಿ ಮಡ್‌ಗಾರ್ಡ್‌ನ ತುದಿಗಿಂತ ಮೇಲೆ ಇದ್ದರೆ ತೊಂದರೆಯಿಲ್ಲ. ಕೆಳಗಿದ್ದರೆ ಆ ಪಟ್ಟಿಯ ಎರಡು ಬೋಲ್ಟ್ ಮಾತ್ರ ಬಿಚ್ಚಿ, ಉಳಿದ ಸ್ಟೇ ಮುಟ್ಟಬೇಡಿ. ಪಿಲಿಯನ್ ಫುಟ್‌ರೆಸ್ಟಿನ ಹತ್ತಿರದ ಬೋಲ್ಟಿಗೆ ಕೈ ಹಾಕುವ ಮೊದಲು ಅದು ಇನ್ನೇನನ್ನು ಹಿಡಿದಿದೆ ಎಂದು ಬಗ್ಗಿ ನೋಡಿ. ಹಲವು ಬೈಕುಗಳಲ್ಲಿ ಸ್ಟೇ, ಫುಟ್‌ರೆಸ್ಟ್ ಮತ್ತು ಸೈಲೆನ್ಸರಿನ ಹಿಡಿಕೆ ಒಂದೇ ಬೋಲ್ಟಿನಲ್ಲಿ ನಿಂತಿರುತ್ತವೆ. ಅದನ್ನು ಬಿಚ್ಚಿದರೆ ಸೈಲೆನ್ಸರಿನ ಭಾರವೆಲ್ಲ ಎಂಜಿನ್ ಬಾಯಿಯ ಪೈಪಿನ ಮೇಲೆ ಬೀಳುತ್ತದೆ.

ಎರಡೂ ಪೆಟ್ಟಿಗೆ ಯಾಕೆ

ಆಕ್ಸೆಲ್ ಒಂದೇ ಬದಿಯಿಂದ ಬರುವುದಾದರೆ ಆ ಬದಿಯ ಪೆಟ್ಟಿಗೆ ತೆಗೆದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಡಬಲ್ ಸ್ಟ್ಯಾಂಡ್ ಹಾಕಿದ ಬೈಕ್ ನಿಂತಿರುವುದು ಸ್ಟ್ಯಾಂಡಿನ ಎರಡು ಕಾಲು ಮತ್ತು ಒಂದು ಚಕ್ರದ ಮೇಲೆ. ಒಂದು ಬದಿಯಲ್ಲಿ ಎಂಟು ಹತ್ತು ಕಿಲೋ ತೂಗುತ್ತಿದ್ದು ಇನ್ನೊಂದು ಬದಿ ಖಾಲಿಯಿದ್ದರೆ, ಗಟ್ಟಿಯಾದ ನಟ್ಟನ್ನು ಎಳೆಯುವಾಗ ಬೈಕ್ ಆ ಬದಿಗೆ ವಾಲುತ್ತದೆ. ಎರಡನೆಯ ಕಾರಣ ಇದಕ್ಕಿಂತ ದೊಡ್ಡದು. ಹಿಂದಿನ ಚಕ್ರ ತೆಗೆದ ಮೇಲೆ ಬೈಕಿನ ಭಾರ ಮುಂದಕ್ಕೆ ಸರಿದು ಮುಂದಿನ ಚಕ್ರ ನೆಲ ಕಚ್ಚಿರಬೇಕು. ಸುರಕ್ಷಿತ ಭಂಗಿ ಅದೊಂದೇ. ಪೆಟ್ಟಿಗೆಗಳು ಇರುವುದು ಸ್ಟ್ಯಾಂಡಿನ ಹಿಂದೆ. ಅವುಗಳಲ್ಲಿ ಸಾಮಾನು ತುಂಬಿದ್ದು, ಮೇಲೆ ಟಾಪ್ ಬಾಕ್ಸೂ ಇದ್ದರೆ ಬೈಕಿನ ಮೂತಿ ಮೇಲೆದ್ದು ಹಿಂಭಾಗ ಕುಸಿಯಬಹುದು. ಚಕ್ರ ಇಲ್ಲದ ಹಿಂಭಾಗ ಕುಸಿದರೆ ನೆಲಕ್ಕೆ ತಾಗುವುದು ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು) ಮತ್ತು ಜೋತುಬಿದ್ದ ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಅದುಮುವ ಭಾಗ). ಆದ್ದರಿಂದ ಟಾಪ್ ಬಾಕ್ಸ್ ಕೂಡ ಕೆಳಗಿಡಿ.

ಪೆಟ್ಟಿಗೆ ಇಳಿಸುವುದು

ಸವಾರಿ ಮುಗಿಸಿ ಬಂದ ಕೂಡಲೆ ಶುರು ಮಾಡಬೇಡಿ, ಸೈಲೆನ್ಸರ್ ತಣಿಯಲು ಅರ್ಧ ಗಂಟೆ ಕೊಡಿ. ಮೊದಲು ಪೆಟ್ಟಿಗೆಯೊಳಗಿನ ಸಾಮಾನು ಖಾಲಿ ಮಾಡಿ. ತುಂಬಿದ ಪೆಟ್ಟಿಗೆಯನ್ನು ಒಂದು ಕೈಯಲ್ಲಿ ಎತ್ತಿ ಇನ್ನೊಂದು ಕೈಯಲ್ಲಿ ಬೀಗ ತಿರುಗಿಸುವಾಗಲೇ ಕೀ ಮುರಿಯುವುದು, ಪೆಟ್ಟಿಗೆ ಕಾಲ ಮೇಲೆ ಬೀಳುವುದು.

ಅಲ್ಯೂಮಿನಿಯಂ ಪೆಟ್ಟಿಗೆಗಳಲ್ಲಿ ಎರಡು ಬಗೆಯ ಹಿಡಿತ ಸಾಮಾನ್ಯ. ಒಂದರಲ್ಲಿ ಪೆಟ್ಟಿಗೆಯ ಬೆನ್ನಿನ ಕೊಕ್ಕೆಗಳು ಸ್ಟೇಯ ಪೈಪಿನ ಮೇಲೆ ಕೂತು, ಕೆಳಗೋ ನಡುವೆಯೋ ಒಂದು ಬೀಗ ಅದನ್ನು ಕಚ್ಚಿ ಹಿಡಿಯುತ್ತದೆ. ಇನ್ನೊಂದರಲ್ಲಿ ಮುಚ್ಚಳ ತೆರೆದರೆ ಒಳಗೆ ಎರಡು ತಿರುಪು ಗುಬ್ಬಿಗಳು ಕಾಣುತ್ತವೆ, ಅವನ್ನು ಕೈಯಲ್ಲೇ ತಿರುಗಿಸಬೇಕು. ಎರಡರಲ್ಲೂ ಪೆಟ್ಟಿಗೆ ಬರುವ ದಾರಿ ಒಂದೇ. ಮೊದಲು ಕೆಳಭಾಗವನ್ನು ಹೊರಕ್ಕೆ ಎಳೆಯಿರಿ, ಆಮೇಲೆ ಮೇಲಿನ ಕೊಕ್ಕೆ ಬಿಡುವಂತೆ ಮೇಲಕ್ಕೆತ್ತಿ. ಮೇಲ್ಭಾಗವನ್ನು ಮೊದಲು ಎಳೆದರೆ ಕೊಕ್ಕೆ ಬಗ್ಗುತ್ತದೆ.

ನಿಮ್ಮ ಬಲಬದಿಯ ಬೀಗ ತಿರುಗದಿರಲು ಎರಡು ಕಾರಣ ಇರಬಹುದು. ಬೀಗದ ಒಳಗೆ ಉಪ್ಪು, ಕೆಂಪು ಧೂಳು ಕಟ್ಟಿಕೊಂಡಿರಬಹುದು. ಇಲ್ಲವೇ ಬೈಕ್ ಯಾವಾಗಲೋ ಬಲಕ್ಕೆ ಬಿದ್ದು ಸ್ಟೇ ಸ್ವಲ್ಪ ಒಳಕ್ಕೆ ಬಾಗಿ, ಪೆಟ್ಟಿಗೆ ಬೀಗದ ನಾಲಗೆಯ ಮೇಲೆ ಒತ್ತಿ ಕೂತಿರಬಹುದು. ಮೊದಲು ಎರಡನೆಯದನ್ನು ಪರೀಕ್ಷಿಸಿ. ಮೊಣಕಾಲಿನಿಂದ ಪೆಟ್ಟಿಗೆಯನ್ನು ಸ್ಟೇ ಕಡೆಗೆ ಒತ್ತಿ, ಜೊತೆಗೆ ತುಸು ಮೇಲಕ್ಕೆತ್ತಿ ಹಿಡಿದು ಕೀ ತಿರುಗಿಸಿ. ನಾಲಗೆಯ ಮೇಲಿನ ಒತ್ತಡ ಬಿಟ್ಟರೆ ಬೀಗ ಸಲೀಸಾಗಿ ತಿರುಗುತ್ತದೆ. ತಿರುಗಲಿಲ್ಲವೆಂದರೆ ಒಳಗೆ ಕೊಳೆ ಇದೆ ಎಂದರ್ಥ. ತುಕ್ಕು ಬಿಡಿಸುವ ಸ್ಪ್ರೇಯನ್ನು ಸಣ್ಣ ನಳಿಗೆಯಿಂದ ಕೀ ರಂಧ್ರಕ್ಕೆ ಬಿಟ್ಟು, ಹದಿನೈದು ನಿಮಿಷ ಬಿಟ್ಟು ಕೀಯನ್ನು ಒಳಗೆ ಹೊರಗೆ ಹತ್ತಾರು ಸಲ ಆಡಿಸಿ. ಕೀ ಮೇಲೆ ಕೆಂಪು ಕೆಸರು ಬರುವುದು ನಿಂತ ಮೇಲೆಯೇ ತಿರುಗಿಸಲು ನೋಡಿ. ಇಕ್ಕಳ ಹಾಕಿ ಕೀ ತಿರುಗಿಸಬೇಡಿ. ಬೀಗ ಬಿಟ್ಟ ಮೇಲೆ ಒಳಗಿನ ಎಣ್ಣೆ ಒರೆಸಿ ಒಣಗಿಸಿ ಗ್ರಾಫೈಟ್ ಪುಡಿ ಹಾಕಿ. ಗ್ರೀಸ್ ಹಾಕಿದರೆ ನಮ್ಮ ರಸ್ತೆಯ ಧೂಳು ಅದಕ್ಕೆ ಅಂಟಿ ಮುಂದಿನ ಸಲ ಇನ್ನೂ ಬಿಗಿಯಾಗುತ್ತದೆ.

ಪೆಟ್ಟಿಗೆ ಕೊಕ್ಕೆಯಲ್ಲೇ ಅಂಟಿದ್ದರೆ ರಬ್ಬರ್ ಸುತ್ತಿಗೆಯಲ್ಲಿ ಕೆಳಗಿನ ಮೂಲೆಗೆ ಮೆಲ್ಲಗೆ ಬಡಿಯಿರಿ. ಬಿಡುವಾಗ ಬಿಳಿ ಪುಡಿ ಉದುರಿದರೆ ಅದು ಅಲ್ಯೂಮಿನಿಯಂ ತಿಂದುಹೋದ ಗುರುತು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಬಟ್ಟೆಯ ಸ್ಯಾಡಲ್ ಬ್ಯಾಗ್ ಇರುವವರಿಗೂ ಒಂದು ಮಾತು. ಬಿಚ್ಚುವ ಮೊದಲು ಎರಡೂ ಬದಿಯ ಪಟ್ಟಿಗಳ ಫೋಟೊ ತೆಗೆದುಕೊಳ್ಳಿ. ಕೆಳಗಿನ ಮತ್ತು ಹಿಂದಿನ ಪಟ್ಟಿಗಳನ್ನು ಮೊದಲು ಸಡಿಲಿಸಿ, ಸೀಟಿನ ಮೇಲೆ ಅಥವಾ ಅಡಿಯಲ್ಲಿ ಹಾದುಹೋಗುವ ಪಟ್ಟಿಯನ್ನು ಕೊನೆಗೆ ಬಿಡಿಸಿ. ಇಳಿಸಿದ ಮೇಲೆ ಸೈಲೆನ್ಸರ್ ಕಡೆಯ ಬ್ಯಾಗಿನ ಒಳಮೈ ಮುಟ್ಟಿ ನೋಡಿ. ಬಟ್ಟೆ ಹೊಳಪಾಗಿ ಗಟ್ಟಿಯಾಗಿದ್ದರೆ ಅದು ಕರಗಲು ಶುರುವಾಗಿದೆ, ಆ ಬದಿಗೆ ಸ್ಟೇ ಇಲ್ಲದೆ ಇನ್ನು ಹಾಕಬಾರದು.

ಚಕ್ರ ಹೊರಗೆ ಬರುವವರೆಗೆ

ಜಾಗ ಮುಖ್ಯ. ಇಂಟರ್‌ಲಾಕ್ ಅಥವಾ ಸಿಮೆಂಟ್ ಅಂಗಳ ಒಳ್ಳೆಯದು. ಮಣ್ಣಿನ ಅಂಗಳವಾದರೆ, ಅದೂ ಮಳೆಗಾಲವಾದರೆ, ಸ್ಟ್ಯಾಂಡಿನ ಎರಡೂ ಕಾಲು ಕೂರುವಷ್ಟು ಅಗಲದ ಒಂದೇ ಹಲಗೆ ಹಾಕಿ. ಎರಡು ಬೇರೆ ಬೇರೆ ತುಂಡು ಹಾಕಿದರೆ ಒಂದು ಕುಸಿದು ಇನ್ನೊಂದು ನಿಲ್ಲುತ್ತದೆ.

ಆಕ್ಸೆಲ್ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿ. ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಒಬ್ಬರು ಸೀಟಿನ ಮೇಲೆ ಕೂತು ಬ್ರೇಕ್ ಹಿಡಿಯಲಿ. ಡಬಲ್ ಸ್ಟ್ಯಾಂಡ್ ಹಾಕಿದ ಮೇಲೆ ಉದ್ದದ ಪಾನದಲ್ಲಿ ಮೈಭಾರ ಬಿಟ್ಟು ಎಳೆದರೆ ಬೈಕ್ ಸ್ಟ್ಯಾಂಡಿನಿಂದ ಮುಂದಕ್ಕೆ ಜಾರಬಹುದು. ರಿಂಗ್ ಪಾನ ಅಥವಾ ಆರು ಮೂಲೆಯ ಸಾಕೆಟ್ ಬಳಸಿ. ಡಿ ಪಾನ, ಸ್ಕ್ರೂ ಪಾನ ಹಾಕಿದರೆ ನಟ್ಟಿನ ಮೂಲೆ ಉರುಟಾಗುತ್ತದೆ. ನಟ್ಟಿನ ಜೊತೆ ಆಕ್ಸೆಲ್ ಸಹ ತಿರುಗಿದರೆ ಇನ್ನೊಂದು ಬದಿಯ ತಲೆಯನ್ನು ಎರಡನೆಯ ಪಾನದಲ್ಲಿ ಹಿಡಿಯಬೇಕು. ನಟ್ಟಿಗೆ ಸ್ಪ್ಲಿಟ್ ಪಿನ್ ಇದ್ದರೆ ತೆಗೆದದ್ದನ್ನು ಎಸೆದು ಹೊಸದು ಹಾಕಿ.

ನಟ್ಟು ಅರ್ಧ ಸುತ್ತು ಸಡಿಲವಾದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ. ಮುಂದಿನ ಬ್ರೇಕ್ ಲಿವರನ್ನು ಹ್ಯಾಂಡಲಿಗೆ ಸೇರಿಸಿ ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ, ಮುಂದಿನ ಚಕ್ರದ ಮುಂದೆ ಒಂದು ಕಲ್ಲು ಇಡಿ. ಎರಡೂ ಮಾಡಿ, ಒಂದರ ಬದಲು ಇನ್ನೊಂದಲ್ಲ. ಡೊಮಿನಾರ್ 400, ಕೆಟಿಎಂ 390 ಅಡ್ವೆಂಚರ್ ತರಹ ಡಬಲ್ ಸ್ಟ್ಯಾಂಡ್ ಇಲ್ಲದ ಬೈಕುಗಳಿಗೆ ಸ್ವಿಂಗ್ ಆರ್ಮ್ ಹಿಡಿದೆತ್ತುವ ಪ್ಯಾಡಾಕ್ ಸ್ಟ್ಯಾಂಡ್ ಬೇಕು. ಜ್ಯಾಕ್ ಅಥವಾ ಕಲ್ಲುಗಳ ಮೇಲೆ ಎಂಜಿನ್ ನಿಲ್ಲಿಸುವ ಕೆಲಸ ಮಾಡಬೇಡಿ.

ಈಗ ಎರಡೂ ಬದಿಯ ಚೈನ್ ಅಡ್ಜಸ್ಟರ್ ಯಾವ ಗೆರೆಯಲ್ಲಿದೆ ಎಂದು ಫೋಟೊ ತೆಗೆಯಿರಿ. ಚೈನ್ ತೀರಾ ಬಿಗಿ ಇಲ್ಲದಿದ್ದರೆ ಅಡ್ಜಸ್ಟರ್ ಮುಟ್ಟುವ ಅಗತ್ಯವೇ ಇಲ್ಲ, ಮುಟ್ಟದಿದ್ದರೆ ಚಕ್ರದ ನೇರ ಕೆಡುವುದೂ ಇಲ್ಲ. ಸಡಿಲಿಸಲೇಬೇಕಾದರೆ ನಟ್ಟು ಎಷ್ಟು ಸುತ್ತು ತಿರುಗಿತು ಎಂದು ಎರಡೂ ಬದಿಗೆ ಒಂದೇ ಸಮ ಎಣಿಸಿ ಬರೆದಿಡಿ. ನಟ್ಟು ಪೂರ್ತಿ ತೆಗೆದು, ಚಕ್ರದ ಕೆಳಗೆ ಬೂಟಿನ ತುದಿಯನ್ನೋ ಹಲಗೆಯ ತುಂಡನ್ನೋ ತುರುಕಿ ಚಕ್ರದ ಭಾರ ಹೊತ್ತುಕೊಂಡರೆ ಆಕ್ಸೆಲ್ ಕೈಯಲ್ಲೇ ಬರುತ್ತದೆ. ಬರದಿದ್ದರೆ ನಟ್ಟಿನ ಬದಿಯಿಂದ ಮರದ ತುಂಡು ಇಟ್ಟು ಬಡಿಯಿರಿ. ಆಕ್ಸೆಲ್‌ನ ಮರೆ (ತಿರುಪಿನ ಗೆರೆ) ಮೇಲೆ ಕಬ್ಬಿಣದ ಸುತ್ತಿಗೆ ಬಿದ್ದರೆ ನಟ್ಟು ಮತ್ತೆ ಏರುವುದಿಲ್ಲ.

ಚಕ್ರವನ್ನು ಮುಂದಕ್ಕೆ ತಳ್ಳಿ ಚೈನನ್ನು ಸ್ಪ್ರಾಕೆಟಿನಿಂದ ಎತ್ತಿ ಹೊರಗೆ ಬಿಡಿ. ಚಕ್ರ ಹಿಂದಕ್ಕೆ ಬರುವಾಗ ಮೂರು ವಸ್ತುಗಳ ಮೇಲೆ ಕಣ್ಣಿರಲಿ. ಎಡಬಲದ ಬುಷ್‌ಗಳು (ಆಕ್ಸೆಲ್ ಮೇಲೆ ಕೂರುವ ಕೊಳವೆ ತುಂಡುಗಳು) ಉದುರುತ್ತವೆ, ಅವು ಉದ್ದದಲ್ಲಿ ಬೇರೆ ಬೇರೆ. ಯಾವ ಬದಿಯದು, ಯಾವ ಮುಖ ಒಳಗೆ ಎಂದು ಗುರುತಿಡಿ. ಅದಲು ಬದಲಾದರೆ ಚಕ್ರ ಪಕ್ಕಕ್ಕೆ ಸರಿದು ಡಿಸ್ಕ್ ಪ್ಯಾಡಿಗೆ ಉಜ್ಜುತ್ತದೆ. ಆಕ್ಸೆಲ್ ಹೋದ ಮೇಲೆ ಕ್ಯಾಲಿಪರ್‌ಗೆ ಆಧಾರ ಇರುವುದಿಲ್ಲ, ಬ್ರೇಕ್ ಪೈಪಿನಲ್ಲಿ ಜೋತಾಡಲು ಬಿಡದೆ ಸ್ವಿಂಗ್ ಆರ್ಮಿಗೆ ಕಟ್ಟಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವ ಬೈಕುಗಳಲ್ಲಿ ಕ್ಯಾಲಿಪರ್ ಹತ್ತಿರವೇ ಚಕ್ರದ ವೇಗ ಅಳೆಯುವ ಸೆನ್ಸರ್ ಇರುತ್ತದೆ, ಅದರ ತೆಳು ವಯರ್ ಎಳೆದಾಡಬೇಡಿ. ಪ್ಯಾಡುಗಳ ನಡುವೆ ಮಡಿಸಿದ ರಟ್ಟು ತುರುಕಿ. ಚಕ್ರ ಇಲ್ಲದಾಗ ಯಾರಾದರೂ ಹಿಂದಿನ ಬ್ರೇಕ್ ತುಳಿದರೆ ಪಿಸ್ಟನ್ ಹೊರಗೆ ಬಂದು ಡಿಸ್ಕ್ ಮತ್ತೆ ಒಳಗೆ ಹೋಗುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಇದು ಖಂಡಿತ ನಡೆಯುತ್ತದೆ.

ಸ್ಪ್ರಾಕೆಟ್ ಬದಿಯ ಡ್ಯಾಂಪರ್ ರಬ್ಬರುಗಳನ್ನೂ ಈಗಲೇ ನೋಡಿಬಿಡಿ. ಸ್ಪ್ರಾಕೆಟ್ ಹಿಡಿದು ಮುಂದೆ ಹಿಂದೆ ಆಡಿಸಿದಾಗ ಸಡಿಲವಾಗಿ ಕಟಕಟ ಅಂದರೆ ರಬ್ಬರ್ ಸೋತಿದೆ. ಬೇರಿಂಗಿನೊಳಗೆ ಬೆರಳಿಟ್ಟು ತಿರುಗಿಸಿ. ಒರಟಾಗಿ ಕಚ್ಚಿದಂತಾದರೆ ಬೇರಿಂಗ್ ಬದಲಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು.

ಅಂಗಡಿಗೆ ಚಕ್ರ ಮಾತ್ರ ಒಯ್ಯಿರಿ

ಬೈಕ್ ಮನೆಯಲ್ಲಿರಲಿ, ಚಕ್ರ ಆಟೋದಲ್ಲಿ ಹೋಗಲಿ. ಪೆಟ್ಟಿಗೆ, ಸ್ಟೇ ಬಗ್ಗೆ ಅಂಗಡಿಯವರ ತಕರಾರು ಅಲ್ಲಿಗೇ ಮುಗಿಯುತ್ತದೆ. ಚಕ್ರವನ್ನು ಡಿಸ್ಕ್ ಕೆಳಗಾಗುವಂತೆ ಎಲ್ಲೂ ಮಲಗಿಸಬೇಡಿ, ಅಂಗಡಿಯಲ್ಲೂ ಇದನ್ನು ಬಾಯಿಬಿಟ್ಟು ಹೇಳಿ. ಬೀಡ್ (ರಿಮ್ಮಿಗೆ ಕೂರುವ ಟಯರಿನ ಅಂಚು) ಬಿಡಿಸುವಾಗ ಡಿಸ್ಕ್ ಮೇಲೆ ನಿಂತರೆ ಅದು ಬಾಗುತ್ತದೆ.

411ರ ಹಿಂದಿನ ಟಯರ್ ಅಳತೆ 120/90-17, ಟ್ಯೂಬ್ ಇರುವ ಕಡ್ಡಿ ಚಕ್ರ. ಹೊಸ ಟಯರಿನ ಜೊತೆ ಹೊಸ ಟ್ಯೂಬ್ ಮತ್ತು ರಿಮ್ ಪಟ್ಟಿ ಹಾಕಿಸಿ. ಹಿಗ್ಗಿದ ಹಳೆಯ ಟ್ಯೂಬ್ ಹೊಸ ಟಯರಿನೊಳಗೆ ಮಡಿಕೆಯಾಗಿ ಆ ಮಡಿಕೆಯಲ್ಲೇ ಸೀಳುತ್ತದೆ. ಟಯರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿ ನೋಡಿ ತೆಗೆದುಕೊಳ್ಳಿ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ತಿರುಗುವ ದಿಕ್ಕಿನ ಬಾಣ ಸರಿಯಾಗಿದೆಯೇ ಎಂದು ಗಾಳಿ ತುಂಬುವ ಮೊದಲೇ ನೋಡಿ. ಸಮುದ್ರದ ಹತ್ತಿರದ ಬೈಕುಗಳಲ್ಲಿ ರಿಮ್ಮಿನ ಒಳಗೆ, ಕಡ್ಡಿಗಳ ತಲೆಯ ಸುತ್ತ ತುಕ್ಕು ಹಕ್ಕಳೆ ಏಳುವುದು ಸಾಮಾನ್ಯ. ಅದನ್ನು ಉಪ್ಪುಕಾಗದದಲ್ಲಿ ಉಜ್ಜಿ ಒರೆಸಿ ಹೊಸ ಪಟ್ಟಿ ಹಾಕದಿದ್ದರೆ ಆ ಹಕ್ಕಳೆಯೇ ಟ್ಯೂಬ್ ತೂತು ಮಾಡುತ್ತದೆ. ವಾಲ್ವಿನ ಬುಡದ ಸಣ್ಣ ನಟ್ಟನ್ನು ರಿಮ್ಮಿಗೆ ಒತ್ತಿ ಬಿಗಿಸಬಾರದು. ಟ್ಯೂಬ್ ಒಳಗೆ ಸರಿದರೆ ವಾಲ್ವ್ ಓರೆಯಾಗಿ ನಿಮಗೆ ಸೂಚನೆ ಕೊಡಬೇಕು. ಬಿಗಿಸಿದ್ದರೆ ಓರೆಯಾಗದೆ ನೇರ ಬುಡದಲ್ಲೇ ಕೀಳುತ್ತದೆ.

ಬೀಡ್ ಕೂರಲು ಅಂಗಡಿಯಲ್ಲಿ ಹೆಚ್ಚು ಗಾಳಿ ಹಾಕುತ್ತಾರೆ, ಅದು ಸರಿಯೇ. ಆದರೆ ಇಳಿಸಲು ಮರೆಯುತ್ತಾರೆ. ಮನೆಗೆ ಬಂದು ಟಯರ್ ತಣ್ಣಗಿರುವಾಗ ಅಳೆದು, ಬೈಕಿನ ಸ್ಟಿಕರಿನಲ್ಲಿ ಅಥವಾ ಕೈಪಿಡಿಯಲ್ಲಿ ಇರುವಷ್ಟಕ್ಕೆ ತನ್ನಿ. ಪೆಟ್ಟಿಗೆ ತುಂಬಿ ಹೋಗುವ ದಿನ ಇಬ್ಬರು ಕೂತಾಗ ಹೇಳಿದ ಒತ್ತಡ ಇಡಿ.

ಮತ್ತೆ ಜೋಡಿಸುವುದು

ರಟ್ಟು ತೆಗೆದು, ಡಿಸ್ಕನ್ನು ಪ್ಯಾಡುಗಳ ನಡುವೆ ಕೂರಿಸಿ, ಕ್ಯಾಲಿಪರ್ ಬ್ರಾಕೆಟ್ ಸ್ವಿಂಗ್ ಆರ್ಮಿನ ಹಿಡಿತದಲ್ಲಿ ಕೂತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಇದು ತಪ್ಪಿದರೆ ಮೊದಲ ಬ್ರೇಕಿಗೇ ಕ್ಯಾಲಿಪರ್ ಸುತ್ತಿಕೊಳ್ಳುತ್ತದೆ. ಆಕ್ಸೆಲ್‌ನ ನುಣುಪು ಭಾಗಕ್ಕೆ ತೆಳುವಾಗಿ ಗ್ರೀಸ್ ಹಚ್ಚಿ, ಮರೆಗೆ ಬೇಡ. ಚೈನಿನ ಕೆಳಸಾಲು ಸ್ಪ್ರಾಕೆಟಿಗೆ ಸೇರುವಲ್ಲಿ ಬಟ್ಟೆಯ ಉಂಡೆ ಇಟ್ಟು ಚಕ್ರವನ್ನು ಕೈಯಲ್ಲೇ ಮುಂದಕ್ಕೆ ತಿರುಗಿಸಿದರೆ ಚೈನ್ ಬಿಗಿದು ಚಕ್ರ ಮುಂದಕ್ಕೆ ಬಂದು ಅಡ್ಜಸ್ಟರಿಗೆ ಒತ್ತಿ ಕೂರುತ್ತದೆ. ಹಾಗೇ ಹಿಡಿದು ನಟ್ಟು ಬಿಗಿಸಿ. ಎಂಜಿನ್ ಚಾಲೂ ಮಾಡಿ ಈ ಕೆಲಸ ಯಾವತ್ತೂ ಮಾಡಬೇಡಿ, ಚೈನ್ ಬೆರಳನ್ನು ಬಿಡುವುದಿಲ್ಲ. ಕೊನೆಯ ಬಿಗಿತಕ್ಕೆ ಟಾರ್ಕ್ ರೆಂಚ್ (ಬಿಗಿತ ಅಳೆಯುವ ಪಾನ) ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ನಿಧಾನಕ್ಕೆ ಹತ್ತಿರದ ಸರ್ವಿಸಿಗೆ ಒಯ್ದು ಆ ಒಂದು ನಟ್ಟನ್ನು ಕೈಪಿಡಿಯ ಅಳತೆಗೆ ಬಿಗಿಸಿಕೊಳ್ಳಿ. ಗಾಳಿ ಗನ್ನಿನಲ್ಲಿ ಬಿಗಿಸಿದರೆ ದಾರಿಯಲ್ಲಿ ನಿಮ್ಮ ಕೈಪಾನಕ್ಕೆ ಅದು ಬಗ್ಗುವುದಿಲ್ಲ. ಹೊರಡುವ ಮೊದಲು ಹಿಂದಿನ ಬ್ರೇಕ್ ಗಟ್ಟಿಯಾಗುವ ತನಕ ಹಲವು ಸಲ ತುಳಿಯಿರಿ. ಹೊರಟ ಸ್ವಲ್ಪ ದೂರದಲ್ಲೇ ಎಬಿಎಸ್ ದೀಪ ಆರಬೇಕು. ಆರದಿದ್ದರೆ ಸೆನ್ಸರ್ ನೋಡಿ.

ಹೊಸ ಟಯರಿನ ಮೈ ಮೊದಲ 150 ಕಿಲೋಮೀಟರ್ ತನಕ ಜಾರು. ಆ ದೂರವನ್ನು ಪೆಟ್ಟಿಗೆ ಹಾಕದೆ, ಒಣ ರಸ್ತೆಯಲ್ಲಿ ಮುಗಿಸಿ. ಹೊಸ ಟಯರ್, ತುಂಬಿದ ಪೆಟ್ಟಿಗೆ, ಮಳೆ, ಆಗುಂಬೆಯ 14 ಹೇರ್‌ಪಿನ್ ತಿರುವು – ಈ ನಾಲ್ಕನ್ನು ಒಂದೇ ದಿನ ಸೇರಿಸಬಾರದು.

ಪೆಟ್ಟಿಗೆ ಏರಿಸಿದ ಮೇಲೆ ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಹೊರಕ್ಕೆ ಎಳೆದು ನೋಡಿ. ಬೈಕೇ ಅಲುಗಬೇಕು, ಪೆಟ್ಟಿಗೆ ಅಲುಗಬಾರದು. ಬಟ್ಟೆಯ ಬ್ಯಾಗಾದರೆ ಉಳಿದ ಪಟ್ಟಿಯ ಬಾಲಗಳನ್ನೆಲ್ಲ ಮಡಿಸಿ ಕಟ್ಟಿ. ಬಾಲ ಸ್ಪ್ರಾಕೆಟಿಗೆ ಸಿಕ್ಕಿದರೆ ಬ್ಯಾಗನ್ನೇ ಚಕ್ರದೊಳಗೆ ಎಳೆದುಕೊಳ್ಳುತ್ತದೆ.

ತುಕ್ಕು ಹಿಡಿದ ಸ್ಟೇ ಬೋಲ್ಟುಗಳಿಗೆ ಬೇರೆಯೇ ಒಂದು ದಿನ

ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗಿಂತ ಹೆಚ್ಚು ಮಳೆ, ಉಳಿದ ತಿಂಗಳಲ್ಲಿ ಉಪ್ಪುಗಾಳಿ, ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು. ಚಕ್ರ ಎರಚುವ ಈ ನೀರು ನೇರ ಬೀಳುವುದು ಸ್ಟೇಯ ಕೆಳಗಿನ ಬೋಲ್ಟುಗಳಿಗೆ. ಅವು ಮೇಲಿನವಕ್ಕಿಂತ ಎಷ್ಟೋ ಮೊದಲು ಹಿಡಿದುಬಿಡುತ್ತವೆ. ದೀಪಾವಳಿ ಕಳೆದ ಮೇಲೆ, ಮಳೆ ಪೂರ್ತಿ ಹಿಂದೆ ಸರಿದಾಗ ಈ ಕೆಲಸಕ್ಕೆ ಒಂದು ದಿನ ಇಡಿ.

ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಇನ್ನೊಮ್ಮೆ ಹೊಡೆಯಿರಿ. ಬ್ರೇಕ್ ಡಿಸ್ಕಿಗೆ ಬೀಳದಂತೆ ಗೋಣಿ ಮುಚ್ಚಿ. ಸ್ಟೇಗಳಲ್ಲಿ ಹೆಚ್ಚಾಗಿ 8 ಮಿಲಿಮೀಟರ್ ಬೋಲ್ಟ್ ಇರುತ್ತದೆ. ಅಲೆನ್ ತಲೆಯದ್ದಾದರೆ 6ರ ಕೀ, ಆರು ಮೂಲೆಯದ್ದಾದರೆ 13ರ ಅಥವಾ 12ರ ಪಾನ. ಅಲೆನ್ ತಲೆಯ ಗುಂಡಿಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಸೂಜಿಯಲ್ಲಿ ಪೂರ್ತಿ ಕೆರೆದು ತೆಗೆಯದೆ ಕೀ ಹಾಕಿದರೆ ಅದು ಅರ್ಧದಲ್ಲೇ ನಿಂತು ಮೂಲೆ ತಿನ್ನುತ್ತದೆ. ಗುಂಡುತಲೆಯ ಅಲೆನ್ ಕೀ ಈ ಕೆಲಸಕ್ಕೆ ಆಗದು. ಸಾಕೆಟಿಗೆ ಸೇರುವ ಬಿಟ್ ತಂದು ಸುತ್ತಿಗೆಯಲ್ಲಿ ಎರಡೇಟು ಹಾಕಿ ತಳಕ್ಕೆ ಕೂರಿಸಿ. ಆ ಏಟಿಗೇ ತುಕ್ಕಿನ ಹಿಡಿತ ಅರ್ಧ ಬಿಡುತ್ತದೆ.

ಮೊದಲು ಬಿಗಿಸುವ ದಿಕ್ಕಿಗೆ ತುಸು ತಿರುಗಿಸಿ, ಆಮೇಲೆ ಬಿಚ್ಚುವ ದಿಕ್ಕಿಗೆ. ಬಿಟ್ಟ ಮೇಲೆ ಒಂದೇ ಸಮನೆ ತಿರುಗಿಸಬೇಡಿ. ಅರ್ಧ ಸುತ್ತು ಹೊರಗೆ, ಕಾಲು ಸುತ್ತು ಒಳಗೆ, ನಡುನಡುವೆ ಸ್ಪ್ರೇ. ಬೋಲ್ಟ್ ರಬ್ಬರಿನ ಹಾಗೆ ಮೆತ್ತಗೆ ತಿರುಗಿತೆಂದರೆ ಅಲ್ಲೇ ನಿಲ್ಲಿಸಿ. ಅದು ಬಿಡುತ್ತಿರುವುದಲ್ಲ, ಹರಿಯುತ್ತಿರುವುದು. ಆಗ ಬಿಸಿಗಾಳಿಯ ಗನ್ನಿನಿಂದ ಕಾಯಿಸಬಹುದು. ಪೆಟ್ರೋಲ್ ಟ್ಯಾಂಕ್, ವಯರು, ಪ್ಲಾಸ್ಟಿಕ್ ಇರುವಲ್ಲಿ ಗ್ಯಾಸಿನ ಜ್ವಾಲೆ ಹಿಡಿಯಬಾರದು. ತಲೆ ಆಗಲೇ ತಿಂದುಹೋಗಿದ್ದರೆ ಒಂದು ಅಳತೆ ದೊಡ್ಡ ಟಾರ್ಕ್ಸ್ ಬಿಟ್ ಬಡಿದು ಕೂರಿಸಿ ತಿರುಗಿಸಿ. ಇಷ್ಟಕ್ಕೂ ಬರಲಿಲ್ಲವೆಂದರೆ ಲೇತ್ ಕೆಲಸದವರ ಬಳಿ ಬೋಲ್ಟ್ ತಲೆಗೆ ನಟ್ಟು ವೆಲ್ಡ್ ಮಾಡಿಸಿ ತೆಗೆಸಿ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ತಂತಿ ಬಿಚ್ಚಿರಬೇಕು. ಒಂದು ಬದಿ ಪೂರ್ತಿ ಮುಗಿದ ಮೇಲೆ ಇನ್ನೊಂದು ಬದಿ ಹಿಡಿಯಿರಿ.

ಹೊಸ ಬೋಲ್ಟಿಗೆ ಏನು ಹಚ್ಚುವುದು? ಹೆಚ್ಚಿನವರು ಗ್ರೀಸ್ ಅನ್ನುತ್ತಾರೆ. ಸ್ಟೇ ಬೋಲ್ಟಿಗೆ ನನ್ನ ಆಯ್ಕೆ ನೀಲಿ ಬಣ್ಣದ ಥ್ರೆಡ್ ಲಾಕರ್. ಒಂಟಿ ಸಿಲಿಂಡರಿನ ಬೈಕು ನಡುಗುತ್ತದೆ, ಗ್ರೀಸ್ ಹಚ್ಚಿದ ಬೋಲ್ಟ್ ಸಡಿಲವಾಗುತ್ತದೆ. ಲಾಕರ್ ಮರೆಗಳ ನಡುವಿನ ಜಾಗವನ್ನೆಲ್ಲ ತುಂಬಿ ಗಟ್ಟಿಯಾಗುವುದರಿಂದ ಉಪ್ಪುನೀರು ಒಳಗಿಳಿಯುವುದನ್ನೂ ತಡೆಯುತ್ತದೆ, ಬೇಕಾದಾಗ ಕೈಪಾನದಲ್ಲೇ ಬಿಡುತ್ತದೆ. ಕೆಂಪು ಲಾಕರ್ ಬೇಡ, ಅದನ್ನು ಕಾಯಿಸದೆ ತೆಗೆಯಲಾಗದು. ಮರೆಯಲ್ಲಿ ಹಳೆಯ ಎಣ್ಣೆ ಉಳಿದಿದ್ದರೆ ಲಾಕರ್ ಹಿಡಿಯುವುದಿಲ್ಲ, ಪೆಟ್ರೋಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಸ್ಟೇಯ ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ಮೂರು ನಾಲ್ಕು ಸುತ್ತು ಏರಿಸಿ, ಎಲ್ಲ ಕೂತ ಮೇಲೆ ಬಿಗಿಸಲು ಶುರು ಮಾಡಿ. ಒಂದನ್ನು ಪೂರ್ತಿ ಬಿಗಿಸಿ ಮುಂದಕ್ಕೆ ಹೋದರೆ ಕೊನೆಯ ತೂತು ಕೂಡುವುದಿಲ್ಲ. 8 ಮಿಲಿಮೀಟರ್ ಬೋಲ್ಟಿಗೆ 20ರಿಂದ 25, 6 ಮಿಲಿಮೀಟರಿನದಕ್ಕೆ 8ರಿಂದ 10 ನ್ಯೂಟನ್ ಮೀಟರ್ ಸಾಕು. 100 ಕಿಲೋಮೀಟರ್ ಓಡಿಸಿದ ಮೇಲೆ ಸಡಿಲವಾಗಿದೆಯೇ ಎಂದು ನೋಡಿ.

ಪೆಟ್ಟಿಗೆಯ ಬಿಳಿ ಪುಡಿಯ ವಿಷಯ. ಸ್ಟೀಲ್ ಬೋಲ್ಟ್ ಮತ್ತು ಅಲ್ಯೂಮಿನಿಯಂ ತಾಗಿಕೊಂಡಿರುವಲ್ಲಿ ಉಪ್ಪುನೀರು ಸೇರಿದರೆ ಎರಡು ಲೋಹಗಳ ನಡುವೆ ಸಣ್ಣ ವಿದ್ಯುತ್ ಹರಿದು ಅಲ್ಯೂಮಿನಿಯಂ ಕರಗುತ್ತದೆ. ಸ್ಟೇನ್‌ಲೆಸ್ ಬೋಲ್ಟ್ ಹಾಕಿಬಿಟ್ಟೆ, ಇನ್ನು ಚಿಂತೆಯಿಲ್ಲ ಎಂದುಕೊಳ್ಳುವವರ ಪೆಟ್ಟಿಗೆಯಲ್ಲೇ ಇದು ಹೆಚ್ಚು. ಬೋಲ್ಟ್ ಚೆನ್ನಾಗಿರುತ್ತದೆ, ಅದರ ಸುತ್ತಲಿನ ತೂತು ದೊಡ್ಡದಾಗುತ್ತದೆ. ಎರಡು ಲೋಹ ಮುಟ್ಟದಂತೆ ನೈಲಾನ್ ವಾಷರ್ ಹಾಕಿ, ಕೊಕ್ಕೆ ಕೂರುವ ಪೈಪಿಗೆ ಹಳೇ ಟ್ಯೂಬಿನ ರಬ್ಬರ್ ಸುತ್ತಿ. ಕೈತಿರುಪು ಗುಬ್ಬಿಗಳ ಮರೆಗೆ ಮಾತ್ರ ಆಂಟಿ ಸೀಝ್ ಪೇಸ್ಟ್ (ಮರೆ ಹಿಡಿದುಕೊಳ್ಳದಂತೆ ತಡೆಯುವ ಪೇಸ್ಟ್) ತೆಳುವಾಗಿ ಹಚ್ಚಿ. ತಾಮ್ರದ ಪುಡಿ ಇರುವ ಪೇಸ್ಟ್ ಅಲ್ಯೂಮಿನಿಯಂಗೆ ಒಳ್ಳೆಯದಲ್ಲ. ಮಳೆಗಾಲದಲ್ಲಿ ತಿರುಗಾಟ ಇಲ್ಲದಿದ್ದರೆ ಪೆಟ್ಟಿಗೆ ಇಳಿಸಿ ಮನೆಯೊಳಗಿಡಿ. ಇಳಿಸದವರು ತಿಂಗಳಿಗೊಮ್ಮೆಯಾದರೂ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ಮತ್ತೆ ಹಾಕಲಿ.

ದಾರಿಯಲ್ಲಿ ಪಂಕ್ಚರ್ ಆದರೆ

ಡೊಮಿನಾರ್ ತರಹದ ಟ್ಯೂಬ್‌ಲೆಸ್ ಚಕ್ರವಾದರೆ ಪೆಟ್ಟಿಗೆ ಇಳಿಸುವ ಪ್ರಶ್ನೆಯೇ ಇಲ್ಲ. ಮೊಳೆ ಹಿಂದಕ್ಕೆ ಬರುವಂತೆ ಬೈಕ್ ಉರುಳಿಸಿ, ಹೊರಗಿನಿಂದಲೇ ಪ್ಲಗ್ ತುರುಕಿ ಗಾಳಿ ಹಾಕಿ. ನಿಮ್ಮದು ಟ್ಯೂಬ್. ಮೊಳೆ ಇರುವ ಜಾಗ ಕಂಡರೆ ಚಕ್ರ ತೆಗೆಯದೆಯೂ ಆಗುತ್ತದೆ. ಪೆಟ್ಟಿಗೆ ಇಳಿಸಿ, ಡಬಲ್ ಸ್ಟ್ಯಾಂಡ್ ಹಾಕಿ, ಟಯರಿನ ಒಂದೇ ಬದಿ ರಿಮ್ಮಿನಿಂದ ಬಿಡಿಸಿ, ತೂತಾದ ಭಾಗದ ಟ್ಯೂಬ್ ಮಾತ್ರ ಹೊರಗೆಳೆದು ಪ್ಯಾಚ್ ಹಾಕುವುದು. ಪಂಕ್ಚರ್ ಅಂಗಡಿಯವರು ಇದರಲ್ಲಿ ಪಳಗಿದವರು. ಆದರೆ ಲಿವರನ್ನು ಡಿಸ್ಕ್ ಮೇಲೆ ಊರಲು ಬಿಡಬೇಡಿ. ಚೈನ್ ಬದಿಯಿಂದ ಮಾಡಲಿ, ಗ್ರೀಸ್ ತಾಗದಂತೆ ಚೈನಿಗೆ ಬಟ್ಟೆ ಸುತ್ತಿ. ಮೊಳೆ ತೆಗೆದ ಮೇಲೂ ಟಯರಿನ ಒಳಮೈಯನ್ನು ಬಟ್ಟೆಯಲ್ಲಿ ಸವರಿ ನೋಡಬೇಕು, ಮುರಿದ ತುದಿ ಉಳಿದಿದ್ದರೆ ಬಟ್ಟೆಗೆ ಸಿಗುತ್ತದೆ. ವಾಲ್ವಿನ ಬುಡ ಹರಿದಿದ್ದರೆ ಪ್ಯಾಚ್ ನಿಲ್ಲದು, ಚಕ್ರ ಬಿಚ್ಚಿ ಟ್ಯೂಬ್ ಬದಲಿಸಲೇಬೇಕು.

ಹೆಬ್ರಿ ದಾಟಿ ಸೋಮೇಶ್ವರದಿಂದ ಮೇಲೆ ಕಾಡು. ಆ ದಾರಿ ಹಿಡಿಯುವ ಮೊದಲು ಆಕ್ಸೆಲ್‌ನ ಎರಡೂ ಬದಿಗೆ ಕೂರುವ ಪಾನ, ಮೂರು ಟಯರ್ ಲಿವರ್, ಹಿಂದಿನ ಅಳತೆಯ ಟ್ಯೂಬ್, ಪ್ಯಾಚ್ ಕಿಟ್, ಕೈಪಂಪ್, ಎರಡು ಜೊತೆ ರಬ್ಬರ್ ಗ್ಲೌಸ್, ಬ್ರೇಕ್ ಲಿವರ್ ಕಟ್ಟಲು ಟ್ಯೂಬ್ ಪಟ್ಟಿ ಇಷ್ಟು ಇರಲಿ. ಇದನ್ನೆಲ್ಲ ಪೆಟ್ಟಿಗೆಯ ತಳದಲ್ಲಿ ತುಂಬಬೇಡಿ. ಮಳೆಯಲ್ಲಿ ಬಟ್ಟೆಬರೆ ರಸ್ತೆಗೆ ಹರಡಿ ಪಾನ ಹುಡುಕಬೇಕಾಗುತ್ತದೆ. ಒಂದು ಚೀಲಕ್ಕೆ ಹಾಕಿ ಮೇಲ್ಗಡೆ, ರಸ್ತೆಯ ಅಂಚಿಗೆ ನಿಂತಾಗ ಸಂಚಾರದಿಂದ ದೂರ ಇರುವ ಎಡಬದಿಯ ಪೆಟ್ಟಿಗೆಯಲ್ಲಿಡಿ. ಪೆಟ್ಟಿಗೆಯ ಕೀಯ ಇನ್ನೊಂದು ಪ್ರತಿ ಜೇಬಿನಲ್ಲಿರಲಿ. ಗಾಳಿ ಹೋದದ್ದು ತಿರುವಿನಲ್ಲಾದರೆ ಅಲ್ಲೇ ಕೆಲಸ ಶುರು ಮಾಡದೆ, ಸಾಮಾನು ಇಳಿಸಿ ಹಗುರ ಮಾಡಿ, ನೇರ ರಸ್ತೆ ಸಿಗುವವರೆಗೆ ಬೈಕನ್ನು ನಡೆಸಿಕೊಂಡು ಹೋಗಿ. ಗಾಳಿಯಿಲ್ಲದ ಟಯರಿನ ಮೇಲೆ ಕೂತು ಓಡಿಸಿದರೆ ರಿಮ್ಮಿನೊಳಗೆ ಟ್ಯೂಬ್ ತಿರುಗಿ ವಾಲ್ವ್ ಕಿತ್ತು ಬರುತ್ತದೆ, ಪ್ಯಾಚಿನಲ್ಲಿ ಮುಗಿಯುತ್ತಿದ್ದದ್ದಕ್ಕೆ ಹೊಸ ಟ್ಯೂಬೇ ಬೇಕಾಗುತ್ತದೆ.